ಕಲ್ಲಿದ್ದಲು ಉರಿಯುವಾಗಲೇ ತೆಗೆದಿಡಬೇಕಾದ ಹಣ

2019ರ ಜುಲೈ ಕೊನೆಯ ವಾರ. ಅಮೆರಿಕದ ಕೆಂಟಕಿ ರಾಜ್ಯದ ಹಾರ್ಲನ್ ಕೌಂಟಿಯಲ್ಲಿ ಕೆಲವು ಗಣಿ ಕಾರ್ಮಿಕರು ಹೋಗಿ ರೈಲು ಹಳಿಯ ಮೇಲೆ ಕೂತುಬಿಟ್ಟರು. ಎದುರಿಗೆ ಕಲ್ಲಿದ್ದಲು ತುಂಬಿದ ಗೂಡ್ಸ್ ರೈಲು. ಆ ಕಲ್ಲಿದ್ದಲು ಅಗೆದವರೂ ಅವರೇ. ಅವರ ಕಂಪನಿ ಬ್ಲ್ಯಾಕ್‌ಜ್ಯುವೆಲ್ ಜುಲೈ 1ರಂದು ದಿವಾಳಿ ಅರ್ಜಿ ಹಾಕಿತ್ತು. ಖಾತೆಗೆ ಬಿದ್ದಿದ್ದ ಸಂಬಳ ಹಾಗೆಯೇ ವಾಪಸ್ ಹೋಗಿತ್ತು. ‘ಸಂಬಳ ಕೊಡದೆ ಏಳಲ್ಲ’ ಅಂತ ಬೋರ್ಡ್ ಹಿಡಿದು, ಹಳಿಯ ಪಕ್ಕದಲ್ಲೇ ಟೆಂಟ್ ಹಾಕಿಕೊಂಡು, ಸುಮಾರು ಎರಡು ತಿಂಗಳು ಅಲ್ಲೇ ಇದ್ದರು.

ಈ ಪ್ರತಿಭಟನೆಯ ಹಿಂದೆ ಇನ್ನೊಂದು ಕಥೆ ಇದೆ. ಇಂಥ ದಿನ ಬರಬಹುದು ಅಂತ ಕೆಂಟಕಿಯ ಕಾನೂನು ಮೊದಲೇ ಊಹಿಸಿತ್ತು. ರಾಜ್ಯದಲ್ಲಿ ಐದು ವರ್ಷ ತುಂಬದ ಗಣಿ ಕಂಪನಿ ನಾಲ್ಕು ವಾರದ ಸಂಬಳದಷ್ಟು ಮೊತ್ತಕ್ಕೆ ಮುಂಚಿತವಾಗಿ ಭದ್ರತೆ ಕೊಡಬೇಕು ಎಂಬ ನಿಯಮ ಅಲ್ಲಿತ್ತು. ಕಂಪನಿ ಕೊಟ್ಟಿರಲಿಲ್ಲ. ಸರ್ಕಾರವೂ ಕೇಳಿರಲಿಲ್ಲ. ಸಮಸ್ಯೆ ಹೊರಗೆ ಬಿದ್ದ ಮೇಲೆ ಹುಡುಕಿದರೆ, ಇನ್ನೂ ಎಷ್ಟೋ ಕಂಪನಿಗಳು ಕೊಟ್ಟೇ ಇರಲಿಲ್ಲ.

ಕಲ್ಲಿದ್ದಲು ನಂಬಿಕೊಂಡ ಊರುಗಳಿಗಾಗಿ ಈಗ ಜಗತ್ತಿನಲ್ಲಿ ಸಾಲು ಸಾಲು ಕಾನೂನುಗಳು ಬರುತ್ತಿವೆ. ಜರ್ಮನಿಯದ್ದು 2020ರಲ್ಲಿ, ಸ್ಪೇನ್ ಮತ್ತು ಐರೋಪ್ಯ ಒಕ್ಕೂಟದ್ದು 2021ರಲ್ಲಿ, ಕೆನಡಾ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾದ್ದು 2024ರಲ್ಲಿ ಬಂದವು. ಎಲ್ಲದರ ಹಿಂದೆ ಇರುವ ಮಾತು ಒಂದೇ: ‘ನ್ಯಾಯಯುತ ಪರಿವರ್ತನೆ’. ಅಂದರೆ ಹವಾಮಾನ ಉಳಿಸಲು ಕಲ್ಲಿದ್ದಲು ಬಿಡಬೇಕು ನಿಜ, ಆದರೆ ಅದರ ಖರ್ಚನ್ನೆಲ್ಲ ಗಣಿ ಕಾರ್ಮಿಕನ ತಲೆಗೆ ಕಟ್ಟಬಾರದು. ಈ ಮಾತು ಪರಿಸರ ಸಂಘಟನೆಗಳಿಂದ ಬಂದದ್ದು ಅಂತ ಹಲವರು ಅಂದುಕೊಂಡಿದ್ದಾರೆ. ಅಲ್ಲ. ಅಮೆರಿಕದ ತೈಲ ಮತ್ತು ರಾಸಾಯನಿಕ ಕಾರ್ಮಿಕ ಸಂಘದ ಮುಖಂಡ ಟೋನಿ ಮಝೋಕಿ ಇದರ ಬೀಜ ಹಾಕಿದವರು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಓದು, ಮನೆ ಸಾಲ ಎಲ್ಲ ಕೊಟ್ಟ 1944ರ ಕಾನೂನನ್ನು ಅವರು ಕಣ್ಣಾರೆ ನೋಡಿದ್ದರು. ವಿಷಕಾರಿ ಉದ್ದಿಮೆ ಮುಚ್ಚಿದಾಗ ಕಾರ್ಮಿಕರಿಗೂ ಅಂಥದ್ದೇ ಸಿಗಲಿ ಎಂಬುದು ಅವರ ವಾದ. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಗೂ ಈ ಮಾತು ಸೇರಿತು.

ಇಂಥ ಕಾನೂನು ಕೈಗೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಮೊತ್ತದ ಕಡೆಗೆ. ಎಷ್ಟು ಕೋಟಿ ಅಂತ. ನಾನು ನೋಡುವುದು ಬೇರೆ. ಆ ಹಣ ತೆಗೆದಿಡುವುದು ಯಾವಾಗ? ಗಣಿ ಇನ್ನೂ ದುಡಿಯುತ್ತಿರುವಾಗಲೋ, ಬಾಗಿಲು ಹಾಕಿದ ಮೇಲೋ? ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಈ ಇಡೀ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ತೂರಿಕೊಂಡವರ ಉದಾಹರಣೆ ಜರ್ಮನಿಯ ರೂರ್ ಪ್ರದೇಶ. ಅಲ್ಲಿ ನೆಲದಾಳದ ಕಲ್ಲಿದ್ದಲು ಅಗೆಯುವುದು ದಶಕಗಳಿಂದ ನಷ್ಟದ ಬಾಬತ್ತು. ಸರ್ಕಾರದ ಸಬ್ಸಿಡಿ ಮೇಲೆ ನಡೆಯುತ್ತಿತ್ತು. 2007ರಲ್ಲಿ ಕೇಂದ್ರ, ರಾಜ್ಯಗಳು, ಕಂಪನಿ, ಕಾರ್ಮಿಕ ಸಂಘ ಎಲ್ಲ ಕೂತು 2018ಕ್ಕೆ ಪೂರ್ತಿ ನಿಲ್ಲಿಸುವುದು ಅಂತ ತೀರ್ಮಾನಿಸಿದರು. ಆ ವರ್ಷದ ಕೊನೆಗೆ ಕಾನೂನೂ ಆಯಿತು. ಆಗ ಮೂವತ್ತು ಸಾವಿರಕ್ಕಿಂತ ಜಾಸ್ತಿ ಜನ ಕೆಲಸದಲ್ಲಿದ್ದರು. ಕೈಯಲ್ಲಿ ಹನ್ನೊಂದು ವರ್ಷ ಇತ್ತು. ವಯಸ್ಸಾದವರಿಗೆ ಮುಂಚಿತ ನಿವೃತ್ತಿ ಸಿಕ್ಕಿತು. ಉಳಿದವರು ಒಂದು ಗಣಿಯಿಂದ ಇನ್ನೊಂದು ಗಣಿಗೆ, ಬೇರೆ ಉದ್ಯೋಗಕ್ಕೆ ಹೋದರು. ಯಾರನ್ನೂ ಬೀದಿಗೆ ಬಿಡಬಾರದು ಎಂಬುದು ಅಲ್ಲಿನ ಗಣಿಯವರ ಹಳೇ ಮಾತು, ಅದನ್ನು ಉಳಿಸಿಕೊಂಡರು. 2018ರ ಡಿಸೆಂಬರ್ 21ರಂದು ಬೊಟ್ರೋಪ್ ಊರಿನ ಪ್ರಾಸ್ಪರ್-ಹಾನಿಯೆಲ್ ಗಣಿಯಿಂದ ಕೊನೆಯ ಕಲ್ಲಿದ್ದಲು ತುಂಡನ್ನು ಮೇಲೆ ತಂದು ದೇಶದ ಅಧ್ಯಕ್ಷ ಸ್ಟೈನ್‌ಮೈಯರ್ ಕೈಗೆ ಕೊಟ್ಟರು.

ಆದರೆ ರೂರ್‌ನಲ್ಲಿ ನಿಜವಾಗಿ ನೋಡಬೇಕಾದ್ದು ಆ ಸಮಾರಂಭವನ್ನಲ್ಲ, ಪಂಪ್‌ಗಳನ್ನು. ನೂರೈವತ್ತು ವರ್ಷ ಅಗೆದ ನೆಲ ಕೆಳಗೆ ಕುಸಿದಿದೆ. ಕೆಲವು ಕಡೆ 20 ಮೀಟರ್‌ಗೂ ಜಾಸ್ತಿ. ಹೊಳೆ, ಚರಂಡಿಗಳು ಈಗ ತಾವಾಗಿ ಹರಿದು ಹೋಗುವುದಿಲ್ಲ. ನೀರು ಎತ್ತುವುದನ್ನು ನಿಲ್ಲಿಸಿದರೆ ಪಟ್ಟಣಗಳ ಒಂದಷ್ಟು ಭಾಗ ಕೆರೆಯಾಗಿಬಿಡುತ್ತದೆ. ಗಣಿಯೊಳಗಿನ ಉಪ್ಪು ನೀರು ಮೇಲೆ ಬಂದು ಕುಡಿಯುವ ನೀರಿಗೆ ಸೇರದಂತೆ ಅದನ್ನೂ ಎತ್ತುತ್ತಲೇ ಇರಬೇಕು. ಎಲ್ಲಿವರೆಗೆ? ಕೊನೆ ಇಲ್ಲ. ಜರ್ಮನ್ನರು ಇದಕ್ಕೆ ‘ಶಾಶ್ವತ ಕೆಲಸಗಳು’ ಅಂತಲೇ ಹೆಸರಿಟ್ಟಿದ್ದಾರೆ.

ಈ ಖರ್ಚು ಕೊಡುವವರು ಯಾರು? 2007ರಲ್ಲೇ ಇದಕ್ಕೊಂದು ಪ್ರತಿಷ್ಠಾನ ಕಟ್ಟಿದರು, ಆರ್‌ಎಜಿ ಪ್ರತಿಷ್ಠಾನ. ಗಣಿ ಕಂಪನಿಯ ಬಳಿ ರಾಸಾಯನಿಕ ಉದ್ಯಮವೂ ಇತ್ತು. ಅದನ್ನು ಬೇರೆ ಮಾಡಿ ಎವೋನಿಕ್ ಅಂತ ಹೆಸರಿಟ್ಟು, ಷೇರುಗಳನ್ನು ಪ್ರತಿಷ್ಠಾನಕ್ಕೆ ಬರೆದರು. ಆ ಷೇರುಗಳ ಲಾಭ, ಮಾರಿ ಬಂದ ಹಣ ಹನ್ನೊಂದು ವರ್ಷ ಬೆಳೆಯಿತು. ಗಣಿ ನಿಂತ ಮಾರನೇ ದಿನದಿಂದ ಪಂಪ್‌ಗಳ ಖರ್ಚು ಅಲ್ಲಿಂದಲೇ. ಕಲ್ಲಿದ್ದಲಿನ ಬಗ್ಗೆ ಯಾರಾದರೂ ಅಗ್ಗದ ಇಂಧನ ಅಂದರೆ, ಈ ಪಂಪ್‌ಗಳ ಲೆಕ್ಕ ಸೇರಿಸಿದ್ದೀರಾ ಅಂತ ಕೇಳಬೇಕು ಅನ್ನಿಸುತ್ತದೆ.

ಇಷ್ಟೆಲ್ಲ ಆದರೂ ರೂರ್ ಈಗ ಸುಖವಾಗಿದೆ ಅಂತ ಹೇಳಲು ಆಗುವುದಿಲ್ಲ. ಅಲ್ಲಿನ ಗೆಲ್ಸೆನ್‌ಕಿರ್ಶೆನ್ ನಗರದಲ್ಲಿ ನಿರುದ್ಯೋಗ ಜರ್ಮನಿಯಲ್ಲೇ ಅತಿ ಹೆಚ್ಚು ಇರುವ ಕಡೆಗಳಲ್ಲಿ ಒಂದು. ಕೆಲಸದಲ್ಲಿದ್ದವನನ್ನು ಕಾನೂನು ಕಾಪಾಡಿತು. ಅವನ ಮಗನಿಗೆ ಅದೇ ಊರಲ್ಲಿ ಕೆಲಸ ಹುಡುಕಿಕೊಡುವುದು ಅದರಿಂದ ಆಗಲಿಲ್ಲ. ಇದು ಚಿಕ್ಕ ವ್ಯತ್ಯಾಸ ಅಲ್ಲ, ಅಲ್ವಾ?

ಜರ್ಮನಿ 2020ರಲ್ಲಿ ಕಲ್ಲಿದ್ದಲು ವಿದ್ಯುತ್ತಿಗೆ ಕಾನೂನು ಮಾಡುವಾಗ ಈ ಪಾಠ ನೆನಪಿಟ್ಟುಕೊಂಡಿತು. ಒಂದಲ್ಲ, ಎರಡು ಕಾನೂನು ಜೊತೆಗೇ ಬಂದವು. ಒಂದರಲ್ಲಿ ತಾರೀಖು: ತಡವೆಂದರೆ 2038ಕ್ಕೆ ಕಲ್ಲಿದ್ದಲು ವಿದ್ಯುತ್ ಬಂದ್. ಇನ್ನೊಂದರಲ್ಲಿ ಊರುಗಳ ಹಣ: ಅದೇ 2038ರವರೆಗೆ 4,000 ಕೋಟಿ ಯೂರೊ. ಇದರಲ್ಲಿ 1,400 ಕೋಟಿ ನೇರ ರಾಜ್ಯಗಳ ಕೈಗೆ. ಉಳಿದ 2,600 ಕೋಟಿಯಲ್ಲಿ ಕೇಂದ್ರವೇ ರೈಲು, ರಸ್ತೆ, ಸಂಶೋಧನಾ ಸಂಸ್ಥೆ ಕಟ್ಟಬೇಕು. 58 ದಾಟಿದ ಕಾರ್ಮಿಕರಿಗೆ ಪಿಂಚಣಿ ಶುರುವಾಗುವವರೆಗೆ ಗರಿಷ್ಠ ಐದು ವರ್ಷ ಮಾಸಿಕ ಭತ್ಯೆ. ಲೌಸಿಟ್ಸ್ ಪ್ರದೇಶದ ಕಾಟ್‌ಬುಸ್ ನಗರದಲ್ಲಿ ರೈಲ್ವೆ ದೊಡ್ಡ ದುರಸ್ತಿ ಕಾರ್ಖಾನೆ ಕಟ್ಟಲು ಹೊರಟಿತು. 2024ರ ಜನವರಿಯಲ್ಲಿ ಅದರ ಮೊದಲ ಶೆಡ್ ಶುರುವಾದಾಗ ಹತ್ತಿರದ ಕಲ್ಲಿದ್ದಲು ಗಣಿಗಳಲ್ಲಿ ಇನ್ನೂ ಕೆಲಸ ನಡೆಯುತ್ತಿತ್ತು. ಒಟ್ಟು 1,200 ಕೆಲಸದ ಗುರಿ. ವೆಲ್ಡರ್, ಎಲೆಕ್ಟ್ರಿಷಿಯನ್, ಫಿಟ್ಟರ್ ಬೇಕಾದ ಜಾಗ ಅದು. ಗಣಿಯಲ್ಲಿ ಇದ್ದವರೂ ಅವರೇ ತಾನೆ. ‘ಮರು ತರಬೇತಿ’ ಅಂದಕೂಡಲೇ ಐವತ್ತರ ಮೆಕ್ಯಾನಿಕ್‌ಗೆ ಕಂಪ್ಯೂಟರ್ ಕೋಡಿಂಗ್ ಕಲಿಸಲು ಹೊರಡುವವರು ಇದನ್ನು ಒಮ್ಮೆ ನೋಡಿ ಬರಬೇಕು.

ಕೊರಗೂ ಇದೆ. ಕಂಪನಿಗಳಿಗೆ ಪರಿಹಾರ ಅಂತ 435 ಕೋಟಿ ಯೂರೊ ಗೊತ್ತು ಮಾಡಿದ್ದು ಜಾಸ್ತಿಯಾಯಿತು ಎಂಬ ದೂರು ಮೊದಲಿನಿಂದಲೂ ಇದೆ. ಊರಿನ ಹಣವನ್ನು ಉದ್ಯೋಗ ಹುಟ್ಟದ ಕಟ್ಟಡಗಳಿಗೆ ಸುರಿಯುತ್ತಿದ್ದಾರೆ ಎಂಬ ಟೀಕೆಯೂ ಇದೆ.

ಈಗ ಇದರ ತದ್ವಿರುದ್ಧ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಲಟ್ರೋಬ್ ಕಣಿವೆಯಲ್ಲಿ ಹೇಜಲ್‌ವುಡ್ ಎಂಬ ಉಷ್ಣ ವಿದ್ಯುತ್ ಸ್ಥಾವರ ಇತ್ತು. 2016ರ ನವೆಂಬರ್ ಮೊದಲ ವಾರ ಮಾಲೀಕರು ಮುಚ್ಚುತ್ತೇವೆ ಅಂದರು. 2017ರ ಮಾರ್ಚ್ ಕೊನೆಗೆ ಮುಚ್ಚಿಯೂ ಆಯಿತು. ಸಿಕ್ಕಿದ್ದು ಐದು ತಿಂಗಳು. ರೂರ್‌ಗೆ ಹನ್ನೊಂದು ವರ್ಷ, ಇಲ್ಲಿಗೆ ಐದು ತಿಂಗಳು. ರಾಜ್ಯ ಸರ್ಕಾರ ಧಾವಂತದಲ್ಲಿ 26.6 ಕೋಟಿ ಆಸ್ಟ್ರೇಲಿಯನ್ ಡಾಲರ್ ಘೋಷಿಸಿತು, ಕಣಿವೆಗೆಂದೇ ಒಂದು ಪ್ರಾಧಿಕಾರ ತೆರೆಯಿತು. ಪಕ್ಕದ ಸ್ಥಾವರಗಳಲ್ಲಿ ವಯಸ್ಸಾದವರು ಸ್ವಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡರೆ ಆ ಜಾಗಕ್ಕೆ ಹೇಜಲ್‌ವುಡ್‌ನವರನ್ನು ತೆಗೆದುಕೊಳ್ಳುವ ಏರ್ಪಾಡು ಮಾಡಿತು. ಒಳ್ಳೆಯ ಯೋಚನೆಯೇ. ಆದರೆ ಗಡಿಯಾರ ಓಡುತ್ತಿತ್ತು. ಇದಾದ ಮೇಲೆ, 2018ರಲ್ಲಿ, ದೊಡ್ಡ ಸ್ಥಾವರ ಮುಚ್ಚುವವರು ಕನಿಷ್ಠ ಮೂರು ವರ್ಷ ಮೊದಲು ನೋಟಿಸ್ ಕೊಡಬೇಕು ಎಂಬ ನಿಯಮ ಅಲ್ಲಿನ ವಿದ್ಯುತ್ ಮಾರುಕಟ್ಟೆಗೆ ಬಂತು. ಒಂದು ಪೈಸೆ ಸಬ್ಸಿಡಿ ಬೇಡದ ನಿಯಮ ಇದು. ಆದರೂ ಹತ್ತು ಪ್ಯಾಕೇಜ್‌ಗಳಿಗಿಂತ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ಸ್ಥಾವರ ಮುಚ್ಚಿದರೆ ಸಂಬಳ ಮಾತ್ರ ನಿಲ್ಲುವುದಿಲ್ಲ. ಅದು ಕಟ್ಟುವ ತೆರಿಗೆಯಲ್ಲೇ ಊರಿನ ಶಾಲೆ, ಆಸ್ಪತ್ರೆ, ಅಗ್ನಿಶಾಮಕ ದಳ ನಡೆಯುತ್ತಿರುತ್ತವೆ. ಈ ಅಂಶವನ್ನು ಕಾನೂನಿನ ಒಳಗೆ ತಂದದ್ದು ಅಮೆರಿಕದ ನ್ಯೂ ಮೆಕ್ಸಿಕೊ. ಅಲ್ಲಿನ 2019ರ ಇಂಧನ ಪರಿವರ್ತನಾ ಕಾಯ್ದೆಯಲ್ಲಿ ಒಂದು ವಿಚಿತ್ರ ಷರತ್ತು ಇದೆ: ಸ್ಯಾನ್ ಹುವಾನ್ ಕಲ್ಲಿದ್ದಲು ಸ್ಥಾವರ ಮುಚ್ಚಿದಾಗ ಅದರ ಬದಲಿಗೆ ಬರುವ ವಿದ್ಯುತ್ ಘಟಕಗಳಲ್ಲಿ 450 ಮೆಗಾವ್ಯಾಟ್‌ವರೆಗೆ ಅದೇ ಶಾಲಾ ಜಿಲ್ಲೆಯ ಒಳಗೇ ಬರಬೇಕು. ಇಂಧನ ಕಾನೂನಿನಲ್ಲಿ ಶಾಲೆಗೆ ಏನು ಕೆಲಸ ಅಂದರೆ, ತೆರಿಗೆ ಆ ಶಾಲೆಗೇ ಬರಲಿ ಅಂತ.

ಅದೇ ಕಾಯ್ದೆಯ ಹಣದ ದಾರಿಯೂ ಜಾಣತನದ್ದು. ಸ್ಥಾವರ ಕಟ್ಟಲು ಮಾಡಿದ ಸಾಲ ಇನ್ನೂ ತೀರಿರುವುದಿಲ್ಲ. ಅದನ್ನು ವಿದ್ಯುತ್ ಬಿಲ್‌ನಲ್ಲಿ ಗ್ರಾಹಕರು ಲಾಭದ ಸಮೇತ ಕಟ್ಟುತ್ತಿರುತ್ತಾರೆ. ಈ ಹಳೇ ಬಾಕಿಯನ್ನು ಕಡಿಮೆ ಬಡ್ಡಿಯ ಬಾಂಡ್ (ಹೂಡಿಕೆದಾರರಿಂದ ಸಾಲ ಎತ್ತುವ ಪತ್ರ) ಮಾಡಿ ಒಂದೇ ಸಲಕ್ಕೆ ತೀರಿಸುವುದು, ಆ ಬಾಂಡ್ ಹಣದಲ್ಲೇ ಸುಮಾರು 4 ಕೋಟಿ ಡಾಲರ್ ಕಾರ್ಮಿಕರಿಗೆ ಮತ್ತು ಊರಿಗೆ ಎತ್ತಿಡುವುದು. ಜಾಸ್ತಿ ಬಡ್ಡಿಯ ಸಾಲವನ್ನು ಕಡಿಮೆ ಬಡ್ಡಿಯ ಸಾಲಕ್ಕೆ ಬದಲಾಯಿಸಿಕೊಂಡ ಹಾಗೆ.

ಕಾಗದದ ಮೇಲೆ ಚೆನ್ನಾಗಿದೆ. ಸ್ಥಾವರ 2022ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಬಾಂಡ್ ಮಾರಾಟವಾಗಿದ್ದು 2023ರ ನವೆಂಬರ್‌ನಲ್ಲಿ. ಮಧ್ಯೆ ಕಂಪನಿಗೂ ನಿಯಂತ್ರಣ ಆಯೋಗಕ್ಕೂ ಬಿಲ್ ಕಡಿತದ ಬಗ್ಗೆ ಜಗಳ, ಕೋರ್ಟು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ. ಹಣ ಇಂತಿಷ್ಟು ಅಂತ ಕಾನೂನು ಬರೆದಿತ್ತು. ಸ್ಥಾವರ ನಿಲ್ಲುವ ಮೊದಲೇ ಅದು ಊರಿನ ಖಾತೆಯಲ್ಲಿರಬೇಕು ಅಂತ ಬರೆದಿರಲಿಲ್ಲ.

ಸ್ಪೇನ್‌ನವರು ಇನ್ನೊಂದು ಆಸ್ತಿಯನ್ನು ಗುರುತಿಸಿದರು. ಸುಲಭಕ್ಕೆ ಕಣ್ಣಿಗೆ ಬೀಳದ ಆಸ್ತಿ ಅದು. 2018ರ ಅಕ್ಟೋಬರ್‌ನಲ್ಲಿ ಸರ್ಕಾರ ಕಾರ್ಮಿಕ ಸಂಘಗಳ ಜೊತೆ ಒಪ್ಪಂದ ಮಾಡಿಕೊಂಡು ಹೆಚ್ಚಿನ ಗಣಿಗಳನ್ನು ಆ ವರ್ಷಾಂತ್ಯಕ್ಕೆ ಮುಚ್ಚಿತು. 25 ಕೋಟಿ ಯೂರೊ ನೆರವು, 48 ದಾಟಿದವರಿಗೆ ಮುಂಚಿತ ನಿವೃತ್ತಿ ಎಲ್ಲ ಇತ್ತು. ಆಮೇಲೆ ವಿದ್ಯುತ್ ಸ್ಥಾವರಗಳ ಸರದಿ. ದೊಡ್ಡ ಸ್ಥಾವರ ಮುಚ್ಚಿದಾಗ ಅಲ್ಲಿ ಏನು ಉಳಿಯುತ್ತದೆ? ಚಿಮಣಿ, ಬೂದಿ ಗುಂಡಿ. ಜೊತೆಗೆ ಗ್ರಿಡ್‌ಗೆ ಹೋಗುವ ದಪ್ಪ ತಂತಿಗಳು. ಸೌರ, ಪವನ ಕಂಪನಿಗಳು ಎಲ್ಲೆಲ್ಲೂ ಗ್ರಿಡ್ ಜಾಗಕ್ಕೆ ಸಾಲುಗಟ್ಟಿ ನಿಂತಿವೆ. ಆ ತಂತಿಯ ಜಾಗಕ್ಕೆ ಚಿನ್ನದ ಬೆಲೆ.

ಅದನ್ನು ಮೊದಲು ಬಂದವರಿಗೆ ಸುಮ್ನೆ ಕೊಟ್ಟುಬಿಡುವ ಬದಲು ಸ್ಪೇನ್ ಹರಾಜಿನಂಥ ಒಂದು ಸ್ಪರ್ಧೆ ಇಟ್ಟಿತು. 2019ರ ಸುಗ್ರೀವಾಜ್ಞೆಯಲ್ಲಿ ಇದಕ್ಕೆ ದಾರಿ ಮಾಡಿ, 2021ರ ಹವಾಮಾನ ಕಾನೂನಿನಲ್ಲಿ ಗಟ್ಟಿ ಮಾಡಿದರು. ಇಲ್ಲಿ ಜಾಸ್ತಿ ಹಣ ಕೊಟ್ಟವರು ಗೆಲ್ಲುವುದಿಲ್ಲ. ಊರಿನಲ್ಲಿ ಎಷ್ಟು ಕೆಲಸ, ಎಷ್ಟು ಜನರಿಗೆ ತರಬೇತಿ, ಸ್ಥಳೀಯರಿಗೆ ಪಾಲು ಇದೆಯೇ ಅಂತ ನೋಡಿ ಅಂಕ ಕೊಡುತ್ತಾರೆ. ತೆರುವೆಲ್ ಪ್ರಾಂತ್ಯದ ಅಂದೋರಾ ಎಂಬ ಊರಿನ ಸ್ಥಾವರ 2020ರ ಜೂನ್‌ನಲ್ಲಿ ನಿಂತಿತ್ತು. ಅಲ್ಲಿನ ಸುಮಾರು 1,200 ಮೆಗಾವ್ಯಾಟ್ ಗ್ರಿಡ್ ಜಾಗ 2022ರ ನವೆಂಬರ್‌ನಲ್ಲಿ ಎಂದೇಸಾ ಕಂಪನಿಗೆ ಹೋಯಿತು. ಕಲ್ಲಿದ್ದಲು ಸ್ಥಾವರ ಇದ್ದದ್ದೂ ಅದೇ ಕಂಪನಿಯದ್ದು! ನಗು ಬರಬಹುದು. ಆದರೆ ವ್ಯತ್ಯಾಸ ಇದೆ: ಈ ಸಲ ಊರಿಗೆ ಏನು ಕೊಡುತ್ತೇನೆ ಅಂತ ಬರೆದುಕೊಟ್ಟು ಜಾಗ ಪಡೆಯಬೇಕಾಯಿತು. ಖಜಾನೆಯಿಂದ ಹಣ ತೆಗೆಯದೆ ಊರಿನ ಕೈಗೆ ಚೌಕಾಸಿ ಮಾಡುವ ಶಕ್ತಿ ಕೊಟ್ಟ ಕಾನೂನು ಇದು. ಬಡ ದೇಶಗಳು ಜರ್ಮನಿಯ ಸಾವಿರಾರು ಕೋಟಿ ನೋಡಿ ಕೈಚೆಲ್ಲುವ ಬದಲು ಇದನ್ನು ಓದುವುದು ವಾಸಿ.

ಐರೋಪ್ಯ ಒಕ್ಕೂಟ ಕೊಡುವ ಹಣಕ್ಕೆ ತಾರೀಖಿನ ಗಂಟು ಹಾಕಿತು. 2021ರಲ್ಲಿ ಬಂದ ನ್ಯಾಯಯುತ ಪರಿವರ್ತನಾ ನಿಧಿಯಲ್ಲಿ 2018ರ ಬೆಲೆಯ ಲೆಕ್ಕಕ್ಕೆ 1,750 ಕೋಟಿ ಯೂರೊ. ಪಡೆಯಬೇಕಾದರೆ ಪ್ರದೇಶವಾರು ಯೋಜನೆ ಬರೆದು, ಕಲ್ಲಿದ್ದಲು ಹೇಗೆ, ಯಾವಾಗ ಇಳಿಯುತ್ತದೆ ಎಂದು ತೋರಿಸಬೇಕು. ಅತಿ ದೊಡ್ಡ ಪಾಲು ಪೋಲೆಂಡ್‌ನದ್ದು. ಅಲ್ಲಿನ ಗಣಿ ಕಾರ್ಮಿಕ ಸಂಘಗಳು ಸರ್ಕಾರದ ಜೊತೆ 2021ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಕೊನೆಯ ಗಣಿ ಮುಚ್ಚುವುದು 2049ಕ್ಕೆ. ಗಡಿಯಲ್ಲಿರುವ ತುರೂವ್ ಗಣಿಯದ್ದು ಬೇರೆ ಕಥೆ. ಅದನ್ನು 2044ರವರೆಗೆ ನಡೆಸುತ್ತೇವೆ ಅಂತ ಪೋಲೆಂಡ್ ಪಟ್ಟು ಹಿಡಿಯಿತು. ಹಾಗಾಗಿ ಆ ಗಣಿ ಇರುವ ಜ್ಗೊರ್ಜೆಲೆಟ್ಸ್ ಪ್ರದೇಶಕ್ಕೆ ನಿಧಿಯಿಂದ ಏನೂ ಸಿಗಲಿಲ್ಲ. ಶಿಸ್ತಿನ ದೃಷ್ಟಿಯಿಂದ ಸರಿ. ಆದರೆ ಪಟ್ಟು ಹಿಡಿದದ್ದು ಸರ್ಕಾರ ಮತ್ತು ಕಂಪನಿ, ಕಳೆದುಕೊಂಡದ್ದು ಅಲ್ಲಿನ ಜನ. ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ.

ಇನ್ನು ಕಾರ್ಮಿಕ ಅಂದರೆ ಯಾರು? ಕಾನೂನಿನ ವ್ಯಾಖ್ಯೆಗಳ ನಡುವೆ ಅಡಗಿ ಕೂತ ಪ್ರಶ್ನೆ ಇದು. ಎಷ್ಟೋ ಕಡೆ ಎಲ್ಲವೂ ತೀರ್ಮಾನವಾಗುವುದು ಅಲ್ಲೇ. ದಕ್ಷಿಣ ಆಫ್ರಿಕಾದ ಕೊಮಾಟಿ ಸ್ಥಾವರ 2022ರ ಅಕ್ಟೋಬರ್ 31ಕ್ಕೆ ನಿಂತಿತು. ಅದನ್ನು ಸೌರ, ಪವನ ಕೇಂದ್ರವಾಗಿ ಬದಲಿಸಲು ವಿಶ್ವ ಬ್ಯಾಂಕ್ 49.7 ಕೋಟಿ ಡಾಲರ್ ಮಂಜೂರು ಮಾಡಿತು. ಜಗತ್ತಿಗೆ ಮಾದರಿಯಾಗುತ್ತದೆ ಅಂತ ಎಲ್ಲರೂ ಕಣ್ಣಿಟ್ಟಿದ್ದರು. ಕಾಯಂ ನೌಕರರಿಗೆ ಬೇರೆ ಸ್ಥಾವರಗಳಲ್ಲಿ ಜಾಗ ಸಿಕ್ಕಿತು. ಗುತ್ತಿಗೆ ಕಾರ್ಮಿಕರಿಗೆ ಗುತ್ತಿಗೆ ಮುಗಿಯಿತು, ಅಷ್ಟೇ. ದಾಖಲೆಯ ಪ್ರಕಾರ ಅವರನ್ನು ಯಾರೂ ಕೆಲಸದಿಂದ ತೆಗೆದೇ ಇಲ್ಲ. ಅವರಿಗೆ ಮನೆ ಬಾಡಿಗೆ ಕೊಟ್ಟವರು, ಊಟ ಹಾಕುತ್ತಿದ್ದವರು ಯಾವ ಪಟ್ಟಿಯಲ್ಲೂ ಇರಲಿಲ್ಲ. ದೇಶದ ಹವಾಮಾನ ಕಾಯ್ದೆಗೆ ಸಹಿ ಬಿದ್ದದ್ದು 2024ರ ಜುಲೈನಲ್ಲಿ, ಇಷ್ಟೆಲ್ಲ ಆದ ಮೇಲೆ.

ಭಾರತದಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದು. ಜಾರ್ಖಂಡ್‌ನ ಕಲ್ಲಿದ್ದಲು ಪ್ರದೇಶದ ರಸ್ತೆಗಳಲ್ಲಿ ಬೆಳಗ್ಗೆ ಸೈಕಲ್ ತಳ್ಳಿಕೊಂಡು ಹೋಗುವವರ ಸಾಲು ಕಾಣುತ್ತದೆ. ಹತ್ತಿ ತುಳಿಯಲು ಆಗುವುದಿಲ್ಲ. ಚೌಕಟ್ಟಿನ ಎರಡೂ ಕಡೆ, ಹಿಂದೆ, ಮೇಲೆ ಕಲ್ಲಿದ್ದಲಿನ ಮೂಟೆಗಳು. ಏರು ಬಂದಾಗ ಎದೆ ಕೊಟ್ಟು ತಳ್ಳಬೇಕು. ಗಣಿಯ ಅಂಚಿನಲ್ಲಿ ಹೆಕ್ಕಿದ್ದು, ಕೆಲವೊಮ್ಮೆ ಕದ್ದದ್ದು ಅಂತಲೇ ಇಟ್ಟುಕೊಳ್ಳಿ. ಅದನ್ನು ಪಟ್ಟಣದ ಹೋಟೆಲ್, ಇಟ್ಟಿಗೆ ಗೂಡುಗಳಿಗೆ ಮಾರಿದರೆ ಆ ದಿನದ ಅನ್ನ. ಇವರಿಗೆ ಸಂಬಳದ ಚೀಟಿ ಇಲ್ಲ, ಭವಿಷ್ಯ ನಿಧಿ ಇಲ್ಲ. ಕಾನೂನಿನ ಕಣ್ಣಿಗೆ ಇವರು ಕಾರ್ಮಿಕರೇ ಅಲ್ಲ. 58 ದಾಟಿದವರಿಗೆ ಭತ್ಯೆ ಎಂಬ ಜರ್ಮನ್ ಸಾಲನ್ನು ಇಲ್ಲಿಗೆ ಹಾಗೆಯೇ ಎತ್ತಿ ತಂದರೆ ಇವರಲ್ಲಿ ಒಬ್ಬನಿಗೂ ಸಿಗುವುದಿಲ್ಲ.

ಹಾಗಂತ ಭಾರತ ನಾಳೆ ಕಲ್ಲಿದ್ದಲು ಬಿಡುತ್ತದೆ ಅಂತೇನೂ ಅಲ್ಲ. 2024-25ರಲ್ಲಿ ಉತ್ಪಾದನೆ ನೂರು ಕೋಟಿ ಟನ್ ದಾಟಿತು. ಇಂಗಾಲದ ಲೆಕ್ಕ ಶೂನ್ಯಕ್ಕೆ ತರುವ ಗುರಿ 2070ಕ್ಕೆ. ಇಷ್ಟು ಬೇಗ ಇದರ ಚರ್ಚೆ ಯಾಕೆ ಅಂತ ಕೇಳುವವರು ಜಾಸ್ತಿ. ನನ್ನ ಲೆಕ್ಕದಲ್ಲಿ ಇದೇ ಹೊತ್ತು. ಗಾಳಿ ಬೀಸುತ್ತಿರುವುದು ಈಗ. ಜೊತೆಗೆ, ಹವಾಮಾನ ನೀತಿಯ ಹಂಗಿಲ್ಲದೆಯೂ ಹಳೇ ಭೂಗತ ಗಣಿಗಳು ನಷ್ಟಕ್ಕೆ, ಅಸುರಕ್ಷತೆಗೆ ಈಗಾಗಲೇ ಮುಚ್ಚುತ್ತಿವೆ. ಜಾರ್ಖಂಡ್ ಸರ್ಕಾರ 2022ರಲ್ಲೇ ಇದಕ್ಕೊಂದು ಕಾರ್ಯಪಡೆ ಮಾಡಿತು. ಗಣಿ ಮುಚ್ಚುವ ಖರ್ಚಿಗೆ ಕಂಪನಿ ಪ್ರತಿ ವರ್ಷ ಎಸ್ಕ್ರೋ ಖಾತೆಯಲ್ಲಿ (ಬೇರೆ ಕೆಲಸಕ್ಕೆ ತೆಗೆಯಲಾಗದ ಮೀಸಲು ಖಾತೆ) ಹಣ ಕಟ್ಟಬೇಕು ಎಂಬ ಮಾರ್ಗಸೂಚಿ 2009ರಿಂದಲೇ ಇದೆ. ಅದು ಹುಟ್ಟಿದ್ದು ಮುಖ್ಯವಾಗಿ ಗುಂಡಿ ತುಂಬಲು, ಗಿಡ ನೆಡಲು.

ಮತ್ತೊಂದು ಖಜಾನೆಯೂ ಇದೆ. 2015ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಹುಟ್ಟುಹಾಕಿದರು. ಹಳೇ ಗುತ್ತಿಗೆಯ ಗಣಿಯವರು ರಾಜಧನದ (ತೆಗೆದ ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ಹಣ) ಶೇ 30ರಷ್ಟು, ಹೊಸಬರು ಶೇ 10ರಷ್ಟು ಇಲ್ಲಿಗೆ ಕಟ್ಟಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಅಂತ ಗಣಿ ಬಾಧಿತ ಊರುಗಳಿಗೆ ಖರ್ಚಾಗಬೇಕು. ಕಲ್ಲಿದ್ದಲು ಜಿಲ್ಲೆಗಳಲ್ಲಿ ಇದು ಭಾರೀ ಮೊತ್ತ. ಆದರೆ ಇದರ ಕಟ್ಟೋಣದಲ್ಲೇ ಒಂದು ಬಿರುಕಿದೆ. ಹಣ ಬರುವುದು ರಾಜಧನದ ಮೇಲೆ. ಕಲ್ಲಿದ್ದಲು ಹೊರಗೆ ಬಂದರೆ ಮಾತ್ರ ರಾಜಧನ. ಗಣಿ ನಿಂತ ದಿನವೇ ಪ್ರತಿಷ್ಠಾನದ ನಲ್ಲಿಯೂ ನಿಲ್ಲುತ್ತದೆ. ಜಿಲ್ಲೆಗೆ ಹಣ ಅತಿ ಹೆಚ್ಚು ಬೇಕಾಗುವುದು ಅವತ್ತಿನಿಂದ.

ಇದನ್ನು ಯಾರೂ ಯೋಚಿಸಿಲ್ಲ ಅಂತ ಹೇಳಲು ಬರುವುದಿಲ್ಲ. ಈ ಹಣ ಖರ್ಚು ಮಾಡುವ ಕೇಂದ್ರದ ಮಾರ್ಗಸೂಚಿಯಲ್ಲೇ ಒಂದು ಸಾಲಿದೆ. ಜನರ ಜೀವನೋಪಾಯಕ್ಕಾಗಿ ಒಂದು ಪಾಲನ್ನು ಖರ್ಚು ಮಾಡದೆ ಮೂಲನಿಧಿಯಾಗಿ ಇಡಬಹುದು ಅಂತ. ರೂರ್‌ನವರು 2007ರಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಅವರಿಗೆ ಅದು ಕಡ್ಡಾಯವಾಗಿತ್ತು, ಮುಚ್ಚುವ ತಾರೀಖು ಪಕ್ಕದಲ್ಲೇ ಬರೆದಿತ್ತು. ಇಲ್ಲಿ ಬರೆದಿರುವುದು ‘ಇಡಬೇಕು’ ಅಂತಲ್ಲ, ‘ಇಡಬಹುದು’ ಅಂತ.